ಸುಡೋಕೆ ಏನಿದೆ ಅಂತ ತೂಗಿ ನೋಡಿದೆವು

ಬೆಂಗಳೂರಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ 96 ಮನೆಗಳಿವೆ. 2016ರ ಬೇಸಿಗೆಯಲ್ಲಿ ಒಂದು ಕಂಪನಿಯವರು ಸಂಘದ ಸಭೆಗೆ ಬಂದರು. ಹಿತ್ತಲ ಮೂಲೆಯಲ್ಲಿ ಕಸ ಸುಡುವ ಯಂತ್ರ ಇಡಿಸಿ, ಬೇರೆ ಬೇರೆ ಮಾಡುವ ಗೋಜೇ ಬೇಡ, ಸಂಜೆಗೆ ಒಂದಿಷ್ಟು ಬೂದಿ ಉಳಿಯುತ್ತೆ ಅಷ್ಟೇ ಅಂದರು. ತುಂಬಾ ಜನ ತಲೆಯಾಡಿಸಿದರು. ಹಿಂದಿನ ಡಿಸೆಂಬರ್‌ನಲ್ಲಷ್ಟೇ ಹೈಕೋರ್ಟು ಎರಡು ಡಬ್ಬ, ಒಂದು ಚೀಲದ ಆದೇಶ ಕೊಟ್ಟಿತ್ತು. ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪು ಡಬ್ಬಕ್ಕೆ ಡಯಾಪರ್ ಮತ್ತು ಪ್ಯಾಡ್, ಚೀಲಕ್ಕೆ ಒಣ ಕಸ. ಇನ್ನೂ ಯಾರಿಗೂ ರೂಢಿಯಾಗಿರಲಿಲ್ಲ.

ನಾನು ಒಂದು ವಾರದ ಸಮಯ ಕೇಳಿದೆ. ರದ್ದಿ ಅಂಗಡಿಯಿಂದ ತಕ್ಕಡಿ ತಂದೆ. ದಿನಾ ಬೆಳಿಗ್ಗೆ ಏಳಕ್ಕೆ ಕಸ ತೆಗೆಯುವ ಅಕ್ಕನೂ ನಾನೂ ಕೂತು ಎಲ್ಲವನ್ನೂ ಬಿಡಿಸಿ ತೂಗಿದೆವು. ದಿನಕ್ಕೆ ಹೆಚ್ಚುಕಡಿಮೆ 68 ಕಿಲೋ ಹಸಿ, 24 ಕಿಲೋ ಒಣ. ಡಯಾಪರ್, ಪ್ಯಾಡ್, ಗುಡಿಸಿದ ಧೂಳು, ಚಿಪ್ಸ್ ಪೊಟ್ಟಣ ಎಲ್ಲಾ ಸೇರಿ 9 ಕಿಲೋ.

ಈ ಲೆಕ್ಕವನ್ನೇ ಸಭೆಯ ಮುಂದಿಟ್ಟೆ. 68 ಕಿಲೋ ಅಂದರೆ ಕಲ್ಲಂಗಡಿ ಸಿಪ್ಪೆ, ಸೊಪ್ಪಿನ ದಂಟು, ಉಳಿದ ಅನ್ನ. ಅದರಲ್ಲಿ ಜಾಸ್ತಿ ಇರೋದು ನೀರೇ. ಹಸಿ ಸೌದೆ ಒಲೆಗಿಟ್ಟರೆ ಏನಾಗುತ್ತೆ ಅಂತ ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು, ಅಲ್ವಾ? ನೀರು ಆರಿಸೋಕೇ ನಾವು ಡೀಸೆಲ್ ಸುರಿಯಬೇಕಿತ್ತು. ಉರಿ ತಣ್ಣಗಾದಾಗ ಪಿವಿಸಿಯಂಥ ಪ್ಲಾಸ್ಟಿಕ್ ಜೊತೆಗಿದ್ದರೆ ಡಯಾಕ್ಸಿನ್ ಹುಟ್ಟುತ್ತದೆ. ಅದು ಕೊಬ್ಬಿನಲ್ಲಿ ಸೇರಿಕೊಳ್ಳುವ ವಿಷ, ತಾಯಿಯ ಹಾಲಿಗೂ ಬರುತ್ತದೆ. ದೊಡ್ಡ ಸ್ಥಾವರಗಳಲ್ಲಿ ಹೊಗೆ ಕನಿಷ್ಠ 950 ಡಿಗ್ರಿಯಲ್ಲಿ ಎರಡು ಸೆಕೆಂಡಾದರೂ ಇರಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಮಕ್ಕಳು ಆಡುವ ಜಾಗದ ಪಕ್ಕ ಇಡುವ ಪೆಟ್ಟಿಗೆಯಲ್ಲಿ ಅದನ್ನು ದಿನಾ ಅಳೆಯೋರು ಯಾರು ಅಂತ ಕೇಳಿದೆ. ಯಂತ್ರದ ಮಾತು ಅಲ್ಲಿಗೆ ನಿಂತಿತು. ಆದರೆ ಬೇಡ ಅಂದವರ ಮೇಲೇ ಜವಾಬ್ದಾರಿ ಬಿತ್ತು.

ಹಿತ್ತಲಲ್ಲಿ ಇಟ್ಟಿಗೆಯ ನಡುವೆ ಗಾಳಿಗೆ ಸಂದು ಬಿಟ್ಟು ನಾಲ್ಕು ತೊಟ್ಟಿ ಕಟ್ಟಿಸಿದೆವು. ಮೊದಲ ತೊಟ್ಟಿ ಕೆಟ್ಟೇ ಹೋಯಿತು. ಹತ್ತು ದಿನಕ್ಕೆ ಮೂಗು ಮುಚ್ಚುವ ವಾಸನೆ, ಬಿಳಿ ಹುಳ, ಅಡಿಯಲ್ಲಿ ಕಪ್ಪು ನೀರು. ಮೊದಲ ಮಹಡಿಯ ಆಂಟಿ ಕಿಟಕಿ ತೆಗೆಯೋದನ್ನೇ ಬಿಟ್ಟರು. ನನಗೆ ನಿದ್ದೆ ಬರಲಿಲ್ಲ. ತಪ್ಪು ನಮ್ಮದೇ. ಹಸಿ ಕಸವನ್ನು ಸುಮ್ನೆ ಸುರಿಯುತ್ತಾ ಹೋಗಿದ್ದೆವು.

ದಾರಿ ತೋರಿಸಿದ್ದು ಅದೇ ಅಕ್ಕ. ಅವರ ಊರಿನ ತಿಪ್ಪೆಯಲ್ಲಿ ಸಗಣಿಯ ಮೇಲೆ ಯಾವಾಗಲೂ ತರಗು ಬೀಳುತ್ತಿತ್ತಂತೆ. "ಎಲೆ ಇಲ್ದೆ ಹೆಂಗೆ ಗೊಬ್ಬರ ಆಗುತ್ತೆ ಮೇಡಂ?" ಅಂದರು. ಅವತ್ತಿನಿಂದ ಒಂದು ಬಕೆಟ್ ಹಸಿ ಕಸಕ್ಕೆ ಒಂದೂವರೆ ಬಕೆಟ್ ಒಣ ಎಲೆ. ಮೇಲೆ ಸ್ವಲ್ಪ ಹುಳಿ ಮಜ್ಜಿಗೆ ಅಥವಾ ಸಗಣಿ ನೀರು. ವಾರಕ್ಕೊಮ್ಮೆ ಸಲಿಕೆಯಿಂದ ಮಗುಚೋದು. ಒಂದು ಹಿಡಿ ತೆಗೆದು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಕೈ ಮಾತ್ರ ಒದ್ದೆಯಾಗಬೇಕು. ಮೂರನೇ ದಿನ ತೊಟ್ಟಿಯೊಳಗೆ ಕೈ ಹಾಕಿದರೆ ಬಿಸಿ ತಡೆಯೋಕಾಗಲಿಲ್ಲ. ಆ ಬಿಸಿ ಮುಟ್ಟಿದಾಗ ನನಗಾದ ಸಂತೋಷ ಇವತ್ತಿಗೂ ನೆನಪಿದೆ. ಸುಮಾರು ಎರಡು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿಕ್ಕಿತು.

ಎಲೆ ಎಲ್ಲಿಂದ? ಅದು ನಮ್ಮ ರಸ್ತೆಯಲ್ಲೇ ಇತ್ತು. ಹೊಂಗೆ, ಮಳೆಮರ ಎಲೆ ಉದುರಿಸುವ ಬೇಸಿಗೆ ಶುರುವಲ್ಲಿ ದಿನಾ ಬೆಳಿಗ್ಗೆ ಮೂಲೆಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದರು. ಮಳೆಗಾಲದಲ್ಲಿ ಮಾತ್ರ ಒಣ ಎಲೆ ಒಂದೂ ಸಿಗೋದಿಲ್ಲ, ತೊಟ್ಟಿ ಹೆಚ್ಚು ಒದ್ದೆಯಾಗೋದೂ ಆಗಲೇ. ಅದಕ್ಕೆ ಫೆಬ್ರವರಿ, ಮಾರ್ಚಿನಲ್ಲೇ ಎಲೆಯನ್ನು ಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗೆ ಪೇರಿಸಿಡುತ್ತೇವೆ. ಕಸ ಗುಡಿಸುವ ಪೌರಕಾರ್ಮಿಕರಿಗೂ ಆ ಹೊಗೆ ಬೇಕಿರಲಿಲ್ಲ, ಎಲೆ ಒಯ್ಯೋರು ಇರಲಿಲ್ಲ ಅಷ್ಟೇ.

ಒಣ ಕಸದ್ದು ಸುಲಭ. ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿದರೆ ಸಾಕು, ಉಳಿದದ್ದನ್ನು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ ನೋಡಿಕೊಳ್ಳುತ್ತದೆ. ನಗರದ ಇಂಥ ಹಲವು ಕೇಂದ್ರಗಳನ್ನು ಮೊದಲು ಬೀದಿಯಲ್ಲಿ ಕಸ ಆಯುತ್ತಿದ್ದವರೇ ನಡೆಸುತ್ತಾರೆ. ರಟ್ಟು, ಬಾಟಲಿ ಸುಟ್ಟರೆ ಉರಿಯೋದು ಅವರ ಅನ್ನ.

ಕೊನೆಯ ಆ 9 ಕಿಲೋ ಈಗ 5ಕ್ಕೆ ಇಳಿದಿದೆ. ಕೆಲವು ಮನೆಗಳಲ್ಲಿ ಮುಟ್ಟಿನ ಕಪ್, ಮಕ್ಕಳಿಗೆ ಬಟ್ಟೆಯ ಡಯಾಪರ್ ಬಂದಿವೆ. ಚಿಪ್ಸ್ ಪೊಟ್ಟಣಕ್ಕೆ ಮಾತ್ರ ನಮ್ಮ ಹತ್ತಿರ ಉತ್ತರವಿಲ್ಲ. ಅದನ್ನು ಮಾಡಿದವರೇ ವಾಪಸ್ ತಗೋಬೇಕು. ಈ ವಾರ ಪಕ್ಕದ ರಸ್ತೆಯಿಂದ 14 ಚೀಲ ಎಲೆ ಬಂತು. ಮಳೆಗಾಲ ದಾಟೋಕೆ ಇನ್ನೂ ಆರು ಚೀಲ ಬೇಕು.