ಅವ್ವನ ಜೊತೆ ವಿಜಯಪುರದಿಂದ ತುರ್ತುಕ್‌ಗೆ

ವಿಜಯಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ನಾವು ಹೊರಟಿದ್ದ ತುರ್ತುಕ್ ಲಡಾಖ್‌ನ ಗಡಿ ಹಳ್ಳಿ, ಲೇಹ್ ಮೇಲಿಂದ ಹೋಗಬೇಕು. ಲೇಹ್ ಹತ್ತಿರ ಹತ್ತಿರ 3,500 ಮೀಟರ್. ದೆಹಲಿಯಿಂದ ವಿಮಾನ ಹತ್ತಿದರೆ ಒಂದೂವರೆ ತಾಸಿನಲ್ಲಿ ಅಲ್ಲಿ ಇಳಿಸಿಬಿಡುತ್ತೆ. ಮೈ ಹೊಂದಿಕೊಳ್ಳೋದು ಯಾವಾಗ? ಅವ್ವ ಜೊತೆಗಿದ್ದಳಲ್ಲ, ಹಾಗಾಗಿ ಮೊದಲು ಡಾಕ್ಟರ್ ಹತ್ತಿರ ಹೋಗಿ ಬಿಪಿ, ಎದೆ ಎಲ್ಲ ತೋರಿಸಿದೆ. ಎತ್ತರದ ಜಾಗದಲ್ಲಿ ಆಗೋ ತಲೆನೋವು, ವಾಕರಿಕೆ ತಡೆಯೋ ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳಿಯೇ ತಗೊಂಡೆವು.

ಲೇಹ್‌ನಲ್ಲಿ ಮೊದಲ ಎರಡು ದಿನ ಸುಮ್ನೆ ಕೂತೆವು. "ಇಷ್ಟ ರೊಕ್ಕಾ ಕೊಟ್ಟು ಮಲಗಾಕ ಬಂದೀವೇನೊ?" ಅಂತ ಅವ್ವ ಬೈದಳು. ಬೈದರೂ ಆ ಎರಡು ದಿನದ ವಿಶ್ರಾಂತಿ ಮಾತ್ರ ಬಿಡಬೇಡಿ.

ಆಮೇಲೆ ನುಬ್ರಾ ಕಣಿವೆ ಕಡೆ ಹೊರಟೆವು. ಮಧ್ಯೆ ಖರ್ದುಂಗ್ ಲಾ ಅನ್ನೋ ಬೆಟ್ಟದ ಘಾಟಿ ಬರುತ್ತೆ, 5,359 ಮೀಟರ್. ಅಲ್ಲಿ ಜಾಸ್ತಿ ಹೊತ್ತು ನಿಲ್ಲದೆ ಇಳಿದುಬಿಟ್ಟರೆ ಒಳ್ಳೇದು. ಘಾಟಿಯ ಆಚೆಯ ಹಳ್ಳಿಗಳಾದ ಹುಂಡರ್, ತುರ್ತುಕ್ ಎರಡೂ ಲೇಹ್‌ಗಿಂತ ತಗ್ಗಿನಲ್ಲಿವೆ. ರಾತ್ರಿ ಅಲ್ಲಿ ಉಳಿದರೆ ಉಸಿರಾಟ ಹಗುರ. ವಯಸ್ಸಾದವರ ಜೊತೆ ಹೋಗೋರಿಗೆ ಲೇಹ್‌ಗಿಂತ ಎತ್ತರದಲ್ಲಿರೋ ಪ್ಯಾಂಗಾಂಗ್ ಸರೋವರಕ್ಕಿಂತ ಈ ದಾರಿಯೇ ಮೇಲು ಅಂತೀನಿ.

ಹುಂಡರ್‌ನಲ್ಲಿ ಮರಳ ದಿಬ್ಬ, ಎರಡು ಡುಬ್ಬದ ಒಂಟೆ, ಸವಾರಿಗೆ ಜನರ ಸಾಲು. ನೋಡಿ ಮುಂದೆ ಹೋದೆವು.

ತುರ್ತುಕ್ ಬೇರೆಯೇ ಲೋಕ. ಬೋಳು ಬೆಟ್ಟಗಳ ನಡುವೆ ಶ್ಯೋಕ್ ನದಿ, ದಡದ ಮೇಲೆ ಏಪ್ರಿಕಾಟ್ ತೋಟ, ಮನೆಯ ಪಕ್ಕದಲ್ಲೇ ಹರಿಯೋ ಕಾಲುವೆ. 1971ರ ಯುದ್ಧದಲ್ಲಿ ಈ ಊರು ಭಾರತದ ಕೈಗೆ ಬಂತು. ಬಂಧುಗಳು ಗಡಿಯ ಆಚೆ, ಪಾಕಿಸ್ತಾನದ ಹಿಡಿತದಲ್ಲಿರೋ ಬಾಲ್ಟಿಸ್ತಾನದಲ್ಲೇ ಉಳಿದುಹೋದ ಮನೆಗಳಿವೆ. ಪ್ರವಾಸಿಗರನ್ನು ಬಿಡೋಕೆ ಶುರುಮಾಡಿದ್ದು 2010ರಲ್ಲಿ. ಇಲ್ಲಿಯವರು ಮಾತಾಡೋದು ಬಾಲ್ಟಿ.

ನಾವು ಜಾಸ್ತಿ ಹೊತ್ತು ನಿಂತಿದ್ದು ಒಂದು ಕಲ್ಲಿನ ಕೋಣೆಯ ಮುಂದೆ. ಬೇಸಿಗೆಯಲ್ಲಿ ಬೆಣ್ಣೆ, ಮಾಂಸ ಕೆಡದಂತೆ ಇಡೋಕೆ ಇದನ್ನು ಕಟ್ಟುತ್ತಾರೆ. ಬಗ್ಗಿ ಒಳಗೆ ಹೋಗಬೇಕು. ಗೋಡೆಯ ಕಲ್ಲುಗಳ ಸಂದಿಗೆ ಕೈ ಹಿಡಿದರೆ ತಣ್ಣನೆ ಗಾಳಿ ಬೆರಳಿಗೆ ತಾಗುತ್ತೆ. ಹೊರಗೆ ಸುಡು ಬಿಸಿಲು! ಅವ್ವ ಕೈ ಹಾಗೇ ಇಟ್ಟುಕೊಂಡು, "ನಮ್ಮ ಹಗೇವು ಇದ್ದಂಗ ಐತಲ್ಲೊ" ಅಂದಳು. ನಮ್ಮದು ನೆಲದೊಳಗೆ ಜೋಳಕ್ಕೆ, ಇವರದು ಬೆಣ್ಣೆಗೆ, ಅಷ್ಟೇ. ಕರೆಂಟಿಲ್ಲದ ಫ್ರಿಜ್ಜು.

ಹೊರಡೋರಿಗೆ ಇನ್ನೆರಡು ಮಾತು. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಕೈಯಲ್ಲಿ ನಗದು ಇಟ್ಟುಕೊಳ್ಳಿ. ಗಡಿ ಭಾಗದ ಪರವಾನಗಿ, ಶುಲ್ಕದ ನಿಯಮ ಬದಲಾಗ್ತಾ ಇರುತ್ತೆ, ಲೇಹ್‌ನಲ್ಲೇ ವಿಚಾರಿಸಿ. ಖಡಕ್ ರೊಟ್ಟಿ ಕೆಡಲ್ಲ, ಧಾರಾಳವಾಗಿ ಒಯ್ಯಿರಿ. ಶೇಂಗಾ ಚಟ್ನಿ ಮಾತ್ರ ಡಬ್ಬಿಯಲ್ಲಿ ಹಾಕಿ. ಸೀಲ್ ಮಾಡಿದ ಪ್ಯಾಕೆಟ್ ಆ ಎತ್ತರದಲ್ಲಿ ಉಬ್ಬುತ್ತೆ, ಕತ್ತರಿಸುವಾಗ ಪುಡಿಯೆಲ್ಲ ಮೈಮೇಲೆ.