ಚೆನ್ನೆಮಣೆ ಮೆಲ್ಬರ್ನ್ ತಲುಪಿತು, ಕಾಯಿ ತಲುಪಲಿಲ್ಲ

2023ರಲ್ಲಿ ಮಗಳ ಮನೆಗೆ ಮೆಲ್ಬರ್ನ್‌ಗೆ ಹೊರಟಾಗ ಅವಳು ಕೇಳಿದ್ದು ಎರಡೇ: ಗುಳಿಗಳಿಗೆ ಕಾಯಿ ಹಾಕಿ ಆಡುವ ಅಜ್ಜಿಯ ಚೆನ್ನೆಮಣೆ, ಮತ್ತೆ ಸಾವಂತವಾಡಿಯಲ್ಲಿ ಮರದಿಂದ ಮಾಡುವ ಆಟಿಕೆ ಹಣ್ಣುಗಳು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿಬಂದವರು ಚೆನ್ನಾಗಿ ಹೆದರಿಸಿದರು. "ಮರದ ಚೂರೂ ಒಳಗೆ ಬಿಡಲ್ಲ ಅಕ್ಕ, ಅಲ್ಲೇ ಕಸದ ಬುಟ್ಟಿಗೆ ಹಾಕ್ತಾರೆ." ಅದು ಅರ್ಧ ನಿಜ. ಮರವನ್ನು ಬಿಡುತ್ತಾರೆ, ಮರದೊಳಗಿನ ಹುಳವನ್ನು ಬಿಡುವುದಿಲ್ಲ.

ಮಣೆ ಕಾರ್ಕಳದ ತವರಿನದು. ಹಲಸಿನ ಮರ, ಎರಡು ಸಾಲಲ್ಲಿ ಏಳೇಳು ಗುಳಿ. ಅಮ್ಮ ಆಟಿ ತಿಂಗಳ ಮಳೆಯಲ್ಲಿ ಆಡುತ್ತಿದ್ದದ್ದು. ಆಮೇಲೆ ಎಷ್ಟೋ ವರ್ಷ ಅಟ್ಟದಲ್ಲಿ ಬಿದ್ದಿತ್ತು. ತಮ್ಮ ಮತ್ಸ್ಯಗಂಧ ರೈಲಿನಲ್ಲಿ ತಂದುಕೊಟ್ಟ. ಭತ್ತದ ಹುಲ್ಲಿನಲ್ಲಿ ಸುತ್ತಿ, ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ! ಪಾಪ, ಪ್ರೀತಿಯಿಂದಲೇ ಕಟ್ಟಿದ್ದ. ಆದರೆ ಎರಡೂ ಅಲ್ಲಿ ನಡೆಯುವುದಿಲ್ಲ. ಹುಲ್ಲಿನಲ್ಲಿ ಬೀಜ ಉಳಿದಿರುತ್ತದೆ, ಹಣ್ಣಿನ ಪೆಟ್ಟಿಗೆಯಲ್ಲಿ ಹುಳದ ಮೊಟ್ಟೆ ಇರಬಹುದು.

ಮಣೆಯನ್ನು ಬಾಲ್ಕನಿಯ ಬಿಸಿಲಿಗೆ ಹಿಡಿದು ನೋಡಿದೆ. ಒಳಗಿನ ಹಳದಿ ಚೇಗಿನ ಭಾಗ, ಅಂದರೆ ಮರದ ಗಟ್ಟಿ ತಿರುಳು, ಕಬ್ಬಿಣದ ಹಾಗಿತ್ತು. ಒಂದು ಅಂಚಿನಲ್ಲಿ ಮಾತ್ರ ಹೊರಗಿನ ಬಿಳಿ ಮರ ಉಳಿದುಕೊಂಡಿತ್ತು. ಅಲ್ಲಿ ಸೂಜಿ ಚುಚ್ಚಿದಂಥ ನಾಲ್ಕು ತೂತು. ಕುಟ್ಟೆ ಹುಳಕ್ಕೆ ಚೇಗು ಬೇಡ, ಬಿಳಿ ಮರದಲ್ಲಿರುವ ಪಿಷ್ಟವೇ ಅದರ ಊಟ. ಹುಳ ಎಂದೋ ತಿಂದು ಹೋಗಿದೆಯೋ, ಇನ್ನೂ ಒಳಗಿದೆಯೋ? ಮಣೆಯನ್ನು ಚೆನ್ನಾಗಿ ಕೊಡವಿ, ಹಳೆ ಪುಡಿಯೆಲ್ಲ ಉದುರಿಸಿ, ಕರಿ ಬಟ್ಟೆಯ ಮೇಲೆ ತೂತು ಕೆಳಗಾಗುವಂತೆ ಇಟ್ಟೆ. ಮೂರನೇ ದಿನ ಬೆಳಿಗ್ಗೆ ಬಟ್ಟೆಯ ಮೇಲೆ ಮೈದಾದಂಥ ಪುಡಿ, ಚಿಟಿಕೆಯಷ್ಟು. ಒಳಗೆ ಯಾರೋ ಇದ್ದಾರೆ ಅಂತಾಯ್ತು.

ನಮ್ಮನೆಯವರು ಸೀಮೆಎಣ್ಣೆ ಅಂದರು, ಪಕ್ಕದ ಮನೆಯವರು ಬೇವಿನೆಣ್ಣೆ ಅಂದರು. ನನಗೆ ಎರಡೂ ಸರಿ ಕಾಣಲಿಲ್ಲ. ಎಣ್ಣೆ ಮೇಲೆ ನಿಲ್ಲುತ್ತದೆ, ಮರಿಹುಳ ಆಳದಲ್ಲಿರುತ್ತದೆ. ಮೇಣ ತುಂಬಿ ವಾರ್ನಿಷ್ ಬಳಿಯುವುದಂತೂ ಕಳ್ಳಾಟ. ಕೊನೆಗೆ ಬಡಗಿಯ ಹತ್ತಿರ ಹೋಗಿ ಬಿಳಿ ಅಂಚನ್ನೇ ಕೊಯ್ಸಿದೆ, ಎರಡು ಬೆರಳಗಲ. ಅಂಚಿನಲ್ಲಿದ್ದ ಬಳ್ಳಿ ಚಿತ್ತಾರ ಅರ್ಧ ಹೋಯಿತು. ಹೊಟ್ಟೆ ಉರಿಯಿತು, ಏನು ಮಾಡೋದು. ಮತ್ತೆ ಹತ್ತು ದಿನ ಕರಿ ಬಟ್ಟೆ. ಪುಡಿ ಬೀಳಲಿಲ್ಲ.

ಸಾವಂತವಾಡಿಯ ಚಿತಾರ್ ಆಳಿ ಅನ್ನುವ ಓಣಿಯಲ್ಲಿ ಕೊಂಡ ಮರದ ಬಾಳೆಹಣ್ಣು, ಗೇರುಹಣ್ಣು, ಹಾಗಲಕಾಯಿಗೆ ಇಷ್ಟೆಲ್ಲ ಉಪಚಾರ ಬೇಕಾಗಲಿಲ್ಲ. ಎಲ್ಲೂ ತೂತಿಲ್ಲ, ತೊಗಟೆ ಇಲ್ಲ. ಎಲ್ಲವನ್ನೂ ಒಗೆದ ಕಾಟನ್ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಮೇಲೆಯೇ ಇಟ್ಟೆ, ಕೇಳಿದ ಕೂಡಲೇ ಕೈಗೆ ಸಿಗಲಿ ಅಂತ.

ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಕಾಳು, ಬೀಜ, ಹುಲ್ಲು, ಗಿಡಮೂಲಿಕೆ, ಮರದ ಸಾಮಾನು ಎಲ್ಲವೂ ಒಂದೇ ಪ್ರಶ್ನೆಯಲ್ಲಿವೆ. ನಾನು 'ಹೌದು' ಅಂತ ಗುರುತು ಹಾಕಿದೆ. "ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀಯ?" ಅಂತ ನಮ್ಮನೆಯವರು ತಿವಿದರು. ಹೇಳಿಕೊಂಡರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ ದಂಡ, ವೀಸಾ ರದ್ದಾಗುವುದೂ ಉಂಟು.

ತಪಾಸಣೆಯ ಮೇಜಿನ ಹಿಂದೆ ಒಬ್ಬಳು ಹುಡುಗಿ, ಕೈಗವಸು, ಟಾರ್ಚು. ಸ್ಕ್ಯಾನರಿನಲ್ಲಿ ಮರವೂ ಹಣ್ಣೂ ಒಂದೇ ಕಿತ್ತಳೆ ಬಣ್ಣ. ಅದರ ಮೇಲೆ ಬಾಳೆಹಣ್ಣಿನ ಆಕಾರ ಬೇರೆ! ಅವಳ ಮುಖ ಗಂಟಾಯಿತು. ಹೊರಗೆ ತೆಗೆದು ಮೇಜಿಗೆ ಕುಟ್ಟಿದಳು. ಟಕ್ ಅಂದಿತು. ನಕ್ಕುಬಿಟ್ಟಳು. ಚೆನ್ನೆಮಣೆಗೆ ಮಾತ್ರ ಜಾಸ್ತಿ ಹೊತ್ತು ಹಿಡಿಯಿತು. ಒಂದೊಂದು ಗುಳಿಗೂ ಟಾರ್ಚು ಬಿಟ್ಟಳು. ಕೊಯ್ದ ಅಂಚನ್ನು ಹೆಬ್ಬೆರಳಿನಿಂದ ಸವರಿ, ಇದೇನು ಅಂದಳು. ಇದ್ದದ್ದನ್ನು ಹೇಳಿದೆ. ಹುಳದ ಗುರುತು ಸಿಕ್ಕಿದ್ದರೆ ವಿಷಾನಿಲಕ್ಕೋ ಗಾಮಾ ಕಿರಣಕ್ಕೋ ಕಳಿಸಬೇಕಿತ್ತು, ಖರ್ಚು ನಮ್ಮದೇ. ಬೇಡವೆಂದರೆ ನಾಶ ಮಾಡುತ್ತಾರೆ. ಸೀರೆಯಲ್ಲೇ ಮತ್ತೆ ಸುತ್ತಿ ವಾಪಸ್ ಕೊಟ್ಟಳು.

ಅಷ್ಟರಲ್ಲಿ ಸೀರೆಯ ಮಡಿಕೆಯಿಂದ ಬಟ್ಟೆಯ ಚೀಲ ಜಾರಿತು. ಕೆಂಪು ಮಂಜೊಟ್ಟಿ ಕಾಯಿ, ಗುಳಿಗೆ ನಾಲ್ಕರಂತೆ 56. "ಇದು ಬೀಜ ಅಲ್ವಾ?" ಅಂತ ಕೇಳಿದಳು. ನನಗೆ ಅದು ಅರವತ್ತು ವರ್ಷದಿಂದ ಆಟದ ಕಾಯಿ. ನೆಟ್ಟರೆ ಹುಟ್ಟುವ ವಸ್ತು ಅಂತ ತಲೆಗೇ ಹೋಗಿರಲಿಲ್ಲ! ಹುಳಕ್ಕಾಗಿ ಹದಿಮೂರು ದಿನ ಕಾದವಳಿಗೆ ಇದು ಕಾಣಲಿಲ್ಲ ನೋಡಿ. ಚೀಲ ಅಲ್ಲೇ ಉಳಿಯಿತು. ಆ ಪ್ರಶ್ನೆಗೆ 'ಹೌದು' ಅಂದಿದ್ದರಿಂದ ದಂಡ ಬೀಳಲಿಲ್ಲ. ಈಗ ಅಲ್ಲಿ ಅಳಿಯನ ಹಳೆ ಶರ್ಟುಗಳ ಗುಂಡಿ ಇಟ್ಟು ಆಡುತ್ತಾರೆ. ಗುಂಡಿ ಒಂದಕ್ಕೊಂದು ಅಂಟಿಕೊಂಡು ಎಣಿಕೆ ತಪ್ಪುತ್ತದೆ ಅಂತ ಮೊಮ್ಮಗಳ ತಕರಾರು.

ವಾಪಸ್ ಬರುವಾಗ ಮರದ ಬೂಮರಾಂಗ್ ಒಂದು ತಂದೆವು. ಕೈಚೀಲದಲ್ಲಿ ಬೇಡ, ಆಯುಧ ಅಂದುಕೊಂಡಾರು ಅಂತ ಚೆಕ್-ಇನ್ ಸೂಟ್‌ಕೇಸಿಗೆ ಹಾಕಿದೆ. ನಮ್ಮ ಕಸ್ಟಮ್ಸ್ ಫಾರ್ಮು ಆಗ ಬೀಜ, ಗಿಡ, ಹಣ್ಣು, ಹೂವನ್ನು ಕೇಳುತ್ತಿತ್ತು, ಮರದ ಸಾಮಾನಿಗೆ ಅಂತ ಬೇರೆ ಸಾಲಿರಲಿಲ್ಲ. ತಂದ ಸಾಮಾನೆಲ್ಲ ಸೇರಿದರೂ ಸುಂಕವಿಲ್ಲದೆ ತರಬಹುದಾದ ಆಗಿನ 50,000 ರೂಪಾಯಿಯ ಮಿತಿಯೊಳಗೇ ಇತ್ತು, ಮುಂಬಯಿಯ ಸಹಾರ್ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಬೇಕಿಲ್ಲದವರ ಹಸಿರು ಚಾನೆಲ್‌ನಲ್ಲಿ ಹೊರಬಂದೆವು. ಯಾರೂ ನೋಡಲಿಲ್ಲ ಅಂತ ನಾನು ಬಿಡಲಿಲ್ಲ. ಮನೆಗೆ ಬಂದವಳೇ ಅದೇ ಕರಿ ಬಟ್ಟೆ ಹಾಸಿ, ಬೂಮರಾಂಗನ್ನು ಹತ್ತು ದಿನ ಮಲಗಿಸಿದೆ.