ಹೊಸ ಮೆಡಿಕಲ್ ಜರ್ನಲ್‌ಗೆ ಇಂಡೆಕ್ಸಿಂಗ್ ಸಿಕ್ಕಿದ ದಾರಿ

ಹೊಸ ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಮೆಡಿಕಲ್ ಜರ್ನಲ್ ಒಂದರ ಸಂಪಾದಕಿಯಾಗಿ ನನಗೆ ಲೇಖಕರಿಂದ ಅತಿ ಜಾಸ್ತಿ ಬಂದ ಪ್ರಶ್ನೆ, 'ಪಬ್‌ಮೆಡ್‌ನಲ್ಲಿ ಇದೆಯಾ?' ಪಬ್‌ಮೆಡ್ ಅಂದರೆ ವೈದ್ಯಕೀಯ ಲೇಖನಗಳನ್ನು ಹುಡುಕುವ ಆನ್‌ಲೈನ್ ತಾಣ. ಇಂಥ ಕಡೆ ಜರ್ನಲ್ ಸೇರುವುದೇ ಇಂಡೆಕ್ಸಿಂಗ್. ಇಲ್ಲದಿದ್ದಾಗ ಇಲ್ಲ ಎಂದೇ ಉತ್ತರಿಸಿದೆ. ಕೆಲವರು ಲೇಖನ ವಾಪಸ್ ತೆಗೆದುಕೊಂಡು ಹೋದರು. ದುಡ್ಡು ಕೊಟ್ಟರೆ ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಳತೆ) ಕೊಡುತ್ತೇವೆ ಎನ್ನುವ ಇಮೇಲ್‌ಗಳೂ ಬಂದವು. ಅವಕ್ಕೆ ಉತ್ತರವನ್ನೇ ಕೊಡಲಿಲ್ಲ.

ಐಎಸ್‌ಎಸ್‌ಎನ್ ಪಡೆಯುವುದು, ಕ್ರಾಸ್‌ರೆಫ್ ಎಂಬ ಸಂಸ್ಥೆಯ ಮೂಲಕ ಪ್ರತಿ ಲೇಖನಕ್ಕೆ ಡಿಓಐ ಎಂಬ ಶಾಶ್ವತ ಗುರುತು ಕೊಡುವುದು ಸುಲಭ. ಆದರೆ ಐಎಸ್‌ಎಸ್‌ಎನ್ ಬರೀ ಜರ್ನಲ್‌ನ ಗುರುತಿನ ಸಂಖ್ಯೆ. ಅದರಿಂದ ಜರ್ನಲ್‌ನ ಗುಣಮಟ್ಟ ಗೊತ್ತಾಗುವುದಿಲ್ಲ.

ನಾವು ಮೊದಲು ಅರ್ಜಿ ಹಾಕಿದ್ದು ಓಪನ್ ಆಕ್ಸೆಸ್ ಜರ್ನಲ್‌ಗಳ ಪಟ್ಟಿಯಾದ ಡಿಓಎಜೆಗೆ. ಅರ್ಜಿಗೆ ಶುಲ್ಕವಿಲ್ಲ. ಹೊಸ ಜರ್ನಲ್ ಆದರೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಪ್ರಕಟವಾಗಿರಬೇಕು, ಇಲ್ಲವೇ ಕನಿಷ್ಠ 10 ಓಪನ್ ಆಕ್ಸೆಸ್ ಸಂಶೋಧನಾ ಲೇಖನಗಳು ಬಂದಿರಬೇಕು. ಸಂಪಾದಕ ಮಂಡಳಿಯವರ ಮತ್ತು ವಿಮರ್ಶಕರ ಸ್ವಂತ ಲೇಖನಗಳು ಒಂದು ಸಂಚಿಕೆಯಲ್ಲಿ 25 ಶೇಕಡಾ ಮೀರಬಾರದು. ಆರಂಭದಲ್ಲಿ ಬೇರೆಯವರು ಲೇಖನ ಕಳಿಸುವುದೇ ಕಡಿಮೆ, ಅಲ್ವಾ? ಅದಕ್ಕೇ ಈ ನಿಯಮ ಹೊಸಬರಿಗೆ ಕಷ್ಟ. ಆದರೂ ಮಂಡಳಿಯ ಹಿರಿಯರಿಗೆ, 'ಸರ್, ಸದ್ಯಕ್ಕೆ ನಿಮ್ಮ ಲೇಖನ ಬೇಡ, ನಿಮ್ಮ ವಿಮರ್ಶೆ ಬೇಕು' ಎಂದು ನೇರವಾಗಿಯೇ ಕೇಳಿಕೊಂಡೆ.

ನಿಜವಾದ ಕೆಲಸ ಇದ್ದದ್ದು ಒಂದೊಂದು ಲೇಖನದೊಳಗೆ. ಒಮ್ಮೆ ಒಂದು ಕ್ಲಿನಿಕಲ್ ಟ್ರಯಲ್ ಬಂತು. ಫಲಿತಾಂಶ ಚೆನ್ನಾಗಿತ್ತು, ಬರವಣಿಗೆಯೂ ಅಚ್ಚುಕಟ್ಟು. ನೋಂದಣಿ ಸಂಖ್ಯೆ ಹಾಕಿ ರಿಜಿಸ್ಟ್ರಿಯಲ್ಲಿ ಹುಡುಕಿದೆ. ಟ್ರಯಲ್ ನೋಂದಣಿಯಾಗಿದ್ದು ರೋಗಿಗಳ ಸೇರ್ಪಡೆ ಶುರುವಾದ ಮೇಲೆ! ಮೊದಲ ರೋಗಿ ಸೇರುವ ಮುಂಚೆಯೇ ನೋಂದಣಿ ಆಗಿರಬೇಕೆಂದು ಮೆಡಿಕಲ್ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇ 2005ರಿಂದ ಹೇಳುತ್ತಾ ಬಂದಿದೆ. ಹಾಗೆ ಮಾಡದಿದ್ದರೆ, ಫಲಿತಾಂಶ ನೋಡಿದ ಮೇಲೆ ಅಳತೆಗೋಲು ಬದಲಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಲೇಖನ ವಾಪಸ್ ಕಳಿಸಿದೆ. ಆಗ ನಮಗೆ ಲೇಖನಗಳ ಬರ ಇತ್ತು, ಆದರೂ ಕಳಿಸಿದೆ. ಅದನ್ನು ನಂಬಿ ಯಾರೋ ಒಬ್ಬ ವೈದ್ಯರು ಔಷಧ ಬರೆಯುತ್ತಾರಲ್ಲ.

ಪಬ್‌ಮೆಡ್ ವಿಷಯದಲ್ಲಿ ತುಂಬಾ ಜನರಿಗೆ ಗೊಂದಲವಿದೆ. ಅದು ಹುಡುಕುವ ಜಾಗ. ಅದರೊಳಗೆ ಹೋಗಲು ಆಯ್ದ ಜರ್ನಲ್‌ಗಳ ಲೇಖನಪಟ್ಟಿ ಮೆಡ್‌ಲೈನ್ ಒಂದು ದಾರಿ, ಪೂರ್ತಿ ಲೇಖನಗಳ ಉಚಿತ ಸಂಗ್ರಹ ಪಿಎಂಸಿ ಇನ್ನೊಂದು. ನಾವು ಹಿಡಿದದ್ದು ಪಿಎಂಸಿ ದಾರಿ. ಅಲ್ಲಿ ಮೊದಲು ವೈಜ್ಞಾನಿಕ ಗುಣಮಟ್ಟ ನೋಡುತ್ತಾರೆ, ಆಮೇಲೆ ಎಕ್ಸ್‌ಎಂಎಲ್ (ಕಂಪ್ಯೂಟರ್ ಓದಬಲ್ಲಂತೆ ಗುರುತು ಹಾಕಿದ) ಫೈಲ್‌ಗಳ ಪರೀಕ್ಷೆ. ಪಿಡಿಎಫ್‌ನಲ್ಲಿ ಚಿತ್ರವಾಗಿ ಅಂಟಿಸಿದ ಕೋಷ್ಟಕ ಕಣ್ಣಿಗೆ ಚೆಂದವೇ. ಆದರೆ ಎಕ್ಸ್‌ಎಂಎಲ್‌ನಲ್ಲಿ ಪ್ರತಿ ಸಾಲು, ಪ್ರತಿ ಅಂಕಿ ಬೇರೆಬೇರೆಯಾಗಿ ಬರಬೇಕು. ಹಳೆಯ ಲೇಖನಗಳ ಕೋಷ್ಟಕಗಳನ್ನೆಲ್ಲ ಕೂತು ಮತ್ತೆ ಟೈಪ್ ಮಾಡಿಸಿದೆವು. ಪರೀಕ್ಷೆ ಪಾಸಾಯಿತು.

ಸ್ಕೋಪಸ್ ಎಂಬ ಇನ್ನೊಂದು ಲೇಖನ ಡೇಟಾಬೇಸ್‌ಗೆ ಸೇರಲು ಕನಿಷ್ಠ ಎರಡು ವರ್ಷದ ಪ್ರಕಟಣೆಯ ಚರಿತ್ರೆ ಬೇಕು. ಹೇಳಿದ ತಿಂಗಳಿಗೆ ಸಂಚಿಕೆ ಬರುತ್ತಿದೆಯಾ ಎಂದು ಅವರು ಗಮನಿಸುತ್ತಾರೆ. ಹಾಗಾಗಿ ನಮ್ಮ ಸಂಚಿಕೆಗಳನ್ನು ವರ್ಷಕ್ಕೆ ನಾಲ್ಕಕ್ಕೇ ನಿಲ್ಲಿಸಿದ್ದೇವೆ. ಲೇಖನ ಕಡಿಮೆ ಇದ್ದರೆ ಸಂಚಿಕೆ ತೆಳ್ಳಗಾಗುತ್ತದೆ, ತಡವಂತೂ ಆಗುವುದಿಲ್ಲ.